ಸುಕ್ಕುಮೀಮಾಂಸೆ: ಮಾಸ್ತಿ ಹೋಬಳಿಯ ಗೃಹ ಇಸ್ತ್ರಿಯನ್ನು ಕುರಿತ ಒಂದು ಘನ ಅಧ್ಯಯನ

ಇಸ್ತ್ರಿಯನ್ನು ಕುರಿತು ಒಂದು ದಪ್ಪನೆಯ ಶಾಸ್ತ್ರಗ್ರಂಥ ಏಕಿಲ್ಲ? ಶಾಸ್ತ್ರ ಬರೆಯುವವರು ಇಸ್ತ್ರಿ ಮಾಡುವುದಿಲ್ಲ. ಇಸ್ತ್ರಿ ಮಾಡುವವರಿಗೆ ಶಾಸ್ತ್ರ ಬರೆಯಲು ಪುರುಸೊತ್ತಿಲ್ಲ. ಪ್ರಸ್ತುತ ಲೇಖಕನು ಮೊದಲ ಗುಂಪಿನವನಾದ್ದರಿಂದ ಈ ಕೊರತೆಯನ್ನು ತುಂಬಲು ಸರ್ವಥಾ ಅರ್ಹ. ಅಧ್ಯಯನದ ವ್ಯಾಪ್ತಿ ಮಾಲೂರು ತಾಲ್ಲೂಕಿನ ಮಾಸ್ತಿ ಹೋಬಳಿ. ಮಿತಿ, ಲೇಖಕನ ಸೊಂಟನೋವು.

ಪ್ರಬಂಧವೆಂದ ಮೇಲೆ ಮೊದಲು ಯುಗವಿಭಾಗ ಮಾಡಬೇಕು. ಹಿತ್ತಾಳೆ ಚೊಂಬಿಗೆ ಕೆಂಡ ತುಂಬಿ, ಕಂಠವನ್ನು ಬಟ್ಟೆಯಲ್ಲಿ ಹಿಡಿದು, ಅದರ ತಳದಿಂದ ಅಂಗಿಯನ್ನು ತೀಡುತ್ತಿದ್ದ ಕಾಲ ಚೊಂಬುಯುಗ. ಅದರ ನಂತರದ್ದು ಇದ್ದಿಲುಯುಗ. ಕರಟದ ಕೆಂಡ ತುಂಬಿದ ಭಾರದ ಪೆಟ್ಟಿಗೆಯದು. ಬಿಳಿ ಪಂಚೆಯ ಮೇಲಿನ ಕಿಡಿತೂತುಗಳೇ ಈ ಯುಗದ ಶಾಸನಗಳು. ಮೂರನೆಯದು ವಿದ್ಯುತ್ತಿನ ಯುಗ. ವಿದ್ಯುತ್‌ ಇಸ್ತ್ರಿಪೆಟ್ಟಿಗೆಗೆ ನ್ಯೂಯಾರ್ಕಿನ ಹೆನ್ರಿ ಸೀಲಿ 1882ರಲ್ಲಿ ಪೇಟೆಂಟ್ ಪಡೆದ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಬೆಂಗಳೂರಿನ ಬೀದಿಗೆ ಬಂದದ್ದು 1905ರಲ್ಲಿ. ಅಂದರೆ ಇಸ್ತ್ರಿನಾಗರಿಕತೆಯಲ್ಲಿ ಕೋಲಾರ ಜಿಲ್ಲೆಯು ರಾಜಧಾನಿಗಿಂತ ಮೂರು ವರ್ಷ ಹಿರಿದು. ಆ ವಿದ್ಯುತ್ತು ಗಣಿಯ ಯಂತ್ರಗಳಿಗೇ ಹೋಯಿತು, ಮಾಸ್ತಿಯ ಅಂಗಿಗಳಿಗಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಕೈಗೆ ಸಿಕ್ಕ ಇಸವಿಯನ್ನು ಬಿಡಬಾರದೆಂಬ ಸಂಶೋಧನಾಧರ್ಮ ಅವರಿಗೆ ತಿಳಿಯದು. 1902ರಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರಿಗೆ ಹನ್ನೊಂದು ವರ್ಷ ಎಂಬುದನ್ನೂ ಇದೇ ಧರ್ಮಕ್ಕೆ ಕಟ್ಟುಬಿದ್ದು ದಾಖಲಿಸುತ್ತೇನೆ.

ಇನ್ನು ಮುಖ್ಯ ಪ್ರಶ್ನೆ: ಸುಕ್ಕು ಸತ್ಯವೋ ಮಿಥ್ಯೆಯೋ? ರಸಾಯನಶಾಸ್ತ್ರಜ್ಞರ ಪ್ರಕಾರ ಹತ್ತಿಯ ನಾರು ಎಂದರೆ ಸೆಲ್ಯುಲೋಸಿನ ಉದ್ದುದ್ದ ಸರಪಣಿ. ಸರಪಣಿಗಳನ್ನು ಒಂದಕ್ಕೊಂದು ಹಿಡಿದಿರುವುದು ಹೈಡ್ರೋಜನ್ ಬಂಧ. ನೀರು ಸೋಕಿದರೆ ಆ ಹಿಡಿತ ಸಡಿಲವಾಗುತ್ತದೆ. ಒಣಗುವಾಗ ಬಟ್ಟೆ ಯಾವ ಭಂಗಿಯಲ್ಲಿದೆಯೋ ಆ ಭಂಗಿಯಲ್ಲೇ ಮತ್ತೆ ಬಿಗಿಯುತ್ತದೆ. ಆದ್ದರಿಂದ ಸುಕ್ಕು ಹುಟ್ಟುವುದು ಬೀರುವಿನಲ್ಲಲ್ಲ, ತಂತಿಯ ಮೇಲೆ. ಹಿಂಡಿದ ಅಂಗಿಯನ್ನು ಹಾಗೇ ಉಂಡೆಯಾಗಿ ತಂತಿಗೆ ಎಸೆದವನು ಭಾನುವಾರ ಸಂಜೆಯ ತನ್ನ ಪಾಪವನ್ನು ಬೆಳಿಗ್ಗೆಯೇ ಸಂಪಾದಿಸಿರುತ್ತಾನೆ. ಎರಡು ಸಲ ಜೋರಾಗಿ ಜಾಡಿಸಿ, ಕಾಲರ್ ಎಳೆದು, ಹ್ಯಾಂಗರಿಗೆ ಹಾಕಿ ನೆರಳಿನಲ್ಲಿ ಒಣಗಿಸಿದರೆ ಅರ್ಧ ಇಸ್ತ್ರಿ ಗಾಳಿಯೇ ಮಾಡಿಕೊಡುತ್ತದೆ. ಪೂರ್ತಿ ಒಣಗುವ ಮೊದಲೇ ತೆಗೆದು ತೀಡಿದರೆ ಉಳಿದರ್ಧದಲ್ಲೂ ಶ್ರಮವಿಲ್ಲ. ಇಡೀ ಗ್ರಂಥದಲ್ಲಿ ಉಪಯೋಗಕ್ಕೆ ಬರುವ ಮಾತು ಇದೊಂದೇ ಎಂಬ ಅನುಮಾನ ನನಗಿದೆ. ಆದರೆ ಒಂದು ಮಾತಿಗೆ ಡಾಕ್ಟರೇಟ್ ಕೊಡುವುದಿಲ್ಲವಾದ್ದರಿಂದ ಮುಂದುವರಿಯುತ್ತೇನೆ.

ಸುಕ್ಕುನಿವಾರಣೆಯಲ್ಲಿ ಮೂರು ದರ್ಶನಗಳಿವೆ. ಮೊದಲೆರಡಕ್ಕೆ ಮಾದರಿಯಾಗಿ ಮೋಕ್ಷದ ವಿಷಯದಲ್ಲಿ ಶ್ರೀವೈಷ್ಣವರ ಹಳೆಯ ಜಗಳವೊಂದುಂಟು. ಕೋತಿಮರಿಯಂತೆ ಜೀವನು ತಾನೇ ತಬ್ಬಿ ಹಿಡಿಯಬೇಕು ಎನ್ನುವುದು ವಡಗಲೆಯವರ ಮರ್ಕಟನ್ಯಾಯ. ಬೆಕ್ಕಿನಮರಿಯಂತೆ ಸುಮ್ಮನಿದ್ದರೆ ಸಾಕು, ತಾಯಿಯೇ ಕಚ್ಚಿಕೊಂಡು ಹೋಗುತ್ತದೆ ಎನ್ನುವುದು ತೆಂಗಲೆಯವರ ಮಾರ್ಜಾಲನ್ಯಾಯ. ತನ್ನ ಹೆಸರನ್ನು ಒಬ್ಬ ಅಯ್ಯಂಗಾರ್ಯರಿಗೆ ಕೊಟ್ಟು 1983ರ ಜ್ಞಾನಪೀಠದವರೆಗೂ ಕಳಿಸಿದ ಊರಿನಲ್ಲಿ ಈ ಚರ್ಚೆಯನ್ನು ಬಿಡುವುದು ಅಪಚಾರ. ಮನೆಯಲ್ಲೇ ನಿಂತು ಇಸ್ತ್ರಿ ಮಾಡುವವರು ಮರ್ಕಟಪಂಥ. ಗಂಟು ಕಟ್ಟಿ ಇಸ್ತ್ರಿ ಅಂಗಡಿಗೆ ಒಪ್ಪಿಸುವವರು ಮಾರ್ಜಾಲಪಂಥ. ಎರಡನೆಯದು ಪೂರ್ಣ ಶರಣಾಗತಿ. ಬಿಲ್ಲು ಬಂದಾಗ ಮಾತ್ರ ಕರ್ಮಸಿದ್ಧಾಂತ ನೆನಪಾಗುತ್ತದೆ.

ಮೂರನೆಯದು ತಲ್ಪದರ್ಶನ: ಪ್ಯಾಂಟನ್ನು ಮಡಿಸಿ ಹಾಸಿಗೆಯ ಕೆಳಗಿಟ್ಟು ಅದರ ಮೇಲೆ ಮಲಗುವುದು. ಇಲ್ಲಿ ನಿದ್ದೆಯೇ ಸಾಧನೆ, ದೇಹಭಾರವೇ ಗುರುಕೃಪೆ. ಹಾಸ್ಟೆಲುಗಳಲ್ಲಿ ಈ ಪಂಥಕ್ಕೆ ಅಪಾರ ಅನುಯಾಯಿಗಳು. ದೋಷವೆಂದರೆ, ರಾತ್ರಿ ಒಮ್ಮೆ ಜೋರಾಗಿ ಹೊರಳಿದರೂ ಬೆಳಿಗ್ಗೆ ಒಂದೇ ಕಾಲಿನ ಮೇಲೆ ಎರಡು ಗೆರೆ ಮೂಡಿರುತ್ತದೆ. ಇದನ್ನು ದ್ವೈತವೆನ್ನುತ್ತಾರೆ.

ಮರ್ಕಟಪಂಥಿಗಳಿಗೆ ಕೆಲವು ವಿಧಿಗಳು. ಪೆಟ್ಟಿಗೆ ಬೇಗ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಆದ್ದರಿಂದ ಪಾಲಿಯೆಸ್ಟರ್ ಮೊದಲು, ರೇಷ್ಮೆ ಆಮೇಲೆ, ಹತ್ತಿ ಕೊನೆಗೆ. ಬಟ್ಟೆಯ ಒಳಚೀಟಿಯ ಚಿಕ್ಕ ಚಿತ್ರದಲ್ಲಿ ಚುಕ್ಕೆಗಳಿರುತ್ತವೆ: ಒಂದಕ್ಕೆ 110 ಡಿಗ್ರಿ, ಎರಡಕ್ಕೆ 150, ಮೂರಕ್ಕೆ 200. ಈ ಚೀಟಿ ಕುತ್ತಿಗೆಗೆ ಚುಚ್ಚುತ್ತದೆಂದು ಕತ್ತರಿಸಿ ಎಸೆಯುವುದು ನಮ್ಮ ವಾಡಿಕೆ. ಊರೆಲ್ಲ ರೇಷ್ಮೆಗೂಡು ಬೆಳೆಯುವ ಈ ಜಿಲ್ಲೆಯಲ್ಲಿ ರೇಷ್ಮೆ ಸೀರೆಯ ಮೇಲೆ ನೀರು ಚಿಮುಕಿಸಿ ಕಲೆ ಮಾಡಿಕೊಳ್ಳುವವರಿಗೇನೂ ಬರವಿಲ್ಲ. ರೇಷ್ಮೆಯನ್ನು ಒಳಮೈಯಲ್ಲಿ, ಮೇಲೊಂದು ತೆಳು ಬಟ್ಟೆ ಹಾಸಿ, ಹಗುರಾಗಿ ತೀಡಬೇಕು. ಹಬೆಯ ಪೆಟ್ಟಿಗೆ ಕೊಂಡವರಿಗೆ ಬೇರೆ ಪರೀಕ್ಷೆ: ಆಳದ ಬೋರ್‌ವೆಲ್ಲಿನ ಗಡಸು ನೀರು ಅದರ ತೂತುಗಳಲ್ಲಿ ಸುಣ್ಣ ಕಟ್ಟಿ, ಒಂದು ದಿನ ಕರಿ ಪ್ಯಾಂಟಿನ ಮೇಲೆ ವಿಭೂತಿಯಾಗಿ ಪ್ರಕಟವಾಗುತ್ತದೆ. ಕಾಯಿಸಿ ಆರಿಸಿದ ನೀರೂ ಪೂರ್ತಿ ಪರಿಹಾರವಲ್ಲ. ಮಳೆನೀರು ಹಿಡಿದಿಟ್ಟರೆ ಉತ್ತಮ, ಅದೂ ಮಳೆ ಬಂದರೆ.

ಅರ್ಥಶಾಸ್ತ್ರವನ್ನು ಬೇಗ ಮುಗಿಸೋಣ. ಸಾವಿರ ವ್ಯಾಟಿನ ಪೆಟ್ಟಿಗೆ ಒಂದು ಗಂಟೆ ಉರಿದರೆ ಒಂದು ಯೂನಿಟ್. 2023ರ ಗೃಹಜ್ಯೋತಿ ಯೋಜನೆಯ ಮೇಲೆ ಇನ್ನೂರು ಯೂನಿಟ್ಟಿನೊಳಗಿನ ಅರ್ಹ ಮನೆಗಳಿಗೆ ಇಸ್ತ್ರಿಯೂ ಪುಕ್ಕಟೆ. ಪುಕ್ಕಟೆಯಾದ ಕರೆಂಟು ಪೆಟ್ಟಿಗೆ ಕಾದ ಗಳಿಗೆಗೇ ಹೋಗುವುದೇಕೆ ಎಂಬುದು ಭೌತಶಾಸ್ತ್ರದ ವ್ಯಾಪ್ತಿಯನ್ನು ಮೀರಿದ ವಿಷಯ. ಇದಕ್ಕೂ ದಾರಿಯುಂಟು: ಗಡಿಯಾಚೆ ತಿರುವಣ್ಣಾಮಲೈಯ ಶಾಲಾಬಾಲಕಿ ವಿನಿಶಾ ಉಮಾಶಂಕರ್ ಸೂರ್ಯನ ಬಿಸಿಲಿನಿಂದ ನಡೆಯುವ ಇಸ್ತ್ರಿಗಾಡಿ ರೂಪಿಸಿ 2021ರಲ್ಲಿ ಅರ್ಥ್‌ಶಾಟ್ ಪ್ರಶಸ್ತಿಯ ಅಂತಿಮ ಸುತ್ತಿಗೇರಿದಳು. ಬಿಸಿಲಿನಲ್ಲಿ ಕೋಲಾರ ಯಾರಿಗೂ ಕಡಿಮೆಯಿಲ್ಲ.

ಇಸ್ತ್ರಿಯೇ ಬೇಡ ಎನ್ನುವ ಸಂನ್ಯಾಸಪಂಥಕ್ಕೆ ರಾಜಾಶ್ರಯವೂ ದೊರಕಿತ್ತು. ಒಂದು ಜೊತೆ ಬಟ್ಟೆಯ ಇಸ್ತ್ರಿಗೆ ಸುಮಾರು 200 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆಂಬ ಲೆಕ್ಕವನ್ನು ಮುಂದಿಟ್ಟ ಅಭಿಯಾನಕ್ಕೆ ಸೇರಿ, ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಯಾದ ಸಿಎಸ್‌ಐಆರ್ 2024ರ ಮೇ ತಿಂಗಳಲ್ಲಿ ಸೋಮವಾರಗಳಂದು ಇಸ್ತ್ರಿಯಿಲ್ಲದ ಬಟ್ಟೆ ತೊಟ್ಟು ಬನ್ನಿ ಎಂದು ತನ್ನವರಿಗೆ ಹೇಳಿತೆಂದು ವರದಿಯಾಯಿತು. ದೇಶದ ವಿಜ್ಞಾನಿಗಳು ಮುದುರಿದ ಅಂಗಿಯಲ್ಲಿ ಭೂಮಿಯನ್ನು ಕಾಪಾಡಬಹುದು. ಮಾಸ್ತಿಯ ಗುಮಾಸ್ತೆ ಅದೇ ಅಂಗಿಯಲ್ಲಿ ಕಚೇರಿಗೆ ಹೋದರೆ, ಮನೆಯಲ್ಲಿ ಏನು ಜಗಳ ಎಂದು ಕೇಳುತ್ತಾರೆ. ಆ ಪ್ರಶ್ನೆ ಗಂಡಸಿಗೆ. ಆಕ್ಷೇಪಣೆ ಮಾತ್ರ ಹೆಂಡತಿಯ ಮೇಲೆ. ಇದೊಂದನ್ನು ಸರಿಪಡಿಸಲು ಯಾವ ಹಬೆಯ ಪೆಟ್ಟಿಗೆಗೂ ಸಾಧ್ಯವಾಗಿಲ್ಲ.

ಹೆಣ್ಣುಮಕ್ಕಳ ಶಾಲಾ ಲಂಗದ ಪ್ಲೀಟುಗಳನ್ನು ಈ ಅಧ್ಯಯನದಿಂದ ಬುದ್ಧಿಪೂರ್ವಕವಾಗಿ ಹೊರಗಿಟ್ಟಿದ್ದೇನೆ. ಒಂದನ್ನು ಕೂರಿಸುವಷ್ಟರಲ್ಲಿ ಪಕ್ಕದ್ದು ಏಳುತ್ತದೆ, ಅದನ್ನು ಒತ್ತುವಷ್ಟರಲ್ಲಿ ಮಾಲೂರಿನ ಬಸ್ಸು ಹಾರ್ನ್ ಹೊಡೆಯುತ್ತದೆ. ಆ ವಿಷಯಕ್ಕೆ ಪ್ರತ್ಯೇಕ ಸಂಪುಟವೇ ಬೇಕು. ಬರೆಯುವ ಅಧಿಕಾರವಿರುವವರು ಸದ್ಯ ಬಾಯಲ್ಲಿ ಸೇಫ್ಟಿ ಪಿನ್ ಕಚ್ಚಿಕೊಂಡಿರುವುದರಿಂದ ಸಂದರ್ಶನ ಕೊಡಲು ಒಪ್ಪಲಿಲ್ಲ.