ಕೆಇಬಿ ಸಾಹೇಬರು

ಬಡಾವಣೆ ಎಂದ ಮೇಲೆ ಒಂದು ಗಣಪತಿ ಗುಡಿ, ಒಂದು ನಂದಿನಿ ಬೂತು, ಒಬ್ಬ ನಿವೃತ್ತ ಇಂಜಿನಿಯರು ಇರಲೇಬೇಕು. ಗುಡಿಗೂ ಬೂತಿಗೂ ಬಾಗಿಲು ಹಾಕುವ ಹೊತ್ತು ಅಂತ ಒಂದಿದೆ. ನಮ್ಮ ಇಂಜಿನಿಯರಿಗೆ ಅದೂ ಇಲ್ಲ. ಅವರು ದುಡಿದ ವಿದ್ಯುತ್ ಮಂಡಳಿ, ಅಂದರೆ ಕೆಇಬಿ, 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ಬೆಸ್ಕಾಂ ಬಂತು. ಜನರ ಬಾಯಲ್ಲಿ ಮಾತ್ರ ಇವರು ಇಂದಿಗೂ ಕೆಇಬಿ ಸಾಹೇಬರು. ಅದೊಂದನ್ನು ಅವರು ತಿದ್ದುವುದಿಲ್ಲ. ಉಳಿದದ್ದೆಲ್ಲ ತಿದ್ದುತ್ತಾರೆ.

"ಸಾರ್, ನಿಮ್ಮನೇಲೂ ಕರೆಂಟ್ ಹೋಯ್ತಾ?"

"ಹೋಗಿರೋದು ಸಪ್ಲೈ ಕಣಮ್ಮಾ. ವೋಲ್ಟೇಜ್ ಇದ್ರೆ ತಾನೆ ಕರೆಂಟ್ ಹರಿಯೋದು? ಈಗ ನಿಮ್ಮ ಓವರ್‌ಹೆಡ್ ಟ್ಯಾಂಕನ್ನೇ ತಗೋ..."

ಕರೆಂಟಿನ ವಿಷಯ ಕೇಳಿದರೆ ಅವರು ಹೀಗೆ ನೀರಿನ ಟ್ಯಾಂಕ್ ಹತ್ತುತ್ತಾರೆ. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆ ಅಂದರೆ ವೋಲ್ಟೇಜಿಗೆ ಇಳಿಯುತ್ತಾರೆ.

ಈ ಬೇಸಿಗೆಯಲ್ಲಿ ಎದುರು ಮನೆಯವರು ಎ.ಸಿ. ಕೊಳ್ಳಲು ಹೊರಟರು. ಒಂದು ಟನ್ ಸಾಕೋ, ಒಂದೂವರೆ ಬೇಕೋ ಎಂದು ಸೊಸೆಗೆ ಚಿಂತೆ. ಒಂದೂವರೆ ಟನ್ ತೂಕವನ್ನು ಗೋಡೆ ತಡೆದೀತೇ ಎಂದು ಅತ್ತೆಗೆ.

"ಅದು ತೂಕ ಅಲ್ಲಮ್ಮಾ," ಎಂದು ಸಾಹೇಬರು ಕುರ್ಚಿ ಎಳೆದುಕೊಂಡರು. ಕುರ್ಚಿ ಎಳೆದುಕೊಂಡರೆಂದರೆ ಮನೆಯವರು ಒಲೆ ಆರಿಸಿ ಬರುವುದು ಒಳ್ಳೆಯದು. "ಹಿಂದೆ ಅಮೆರಿಕದಲ್ಲಿ ಚಳಿಗಾಲಕ್ಕೆ ಕೆರೆ ಹೆಪ್ಪುಗಟ್ಟಿದಾಗ ಐಸ್ ಕೊಯ್ದು, ಮರದ ಹೊಟ್ಟಿನಲ್ಲಿ ಮುಚ್ಚಿಟ್ಟು ಬೇಸಿಗೇಲಿ ಮಾರೋರು. ಆಮೇಲೆ ಮೆಷಿನ್ ಬಂತು. ಅದು ಎಷ್ಟು ತಂಪು ಮಾಡುತ್ತೆ ಅಂತ ಐಸ್ ಲೆಕ್ಕದಲ್ಲೇ ಹೇಳಿದ್ರು. ಒಂದು ಟನ್ ಐಸು 24 ಗಂಟೇಲಿ ಪೂರ್ತಿ ಕರಗೋಕೆ ಎಷ್ಟು ಶಾಖ ಹೀರುತ್ತೋ, ಅಷ್ಟನ್ನ ರೂಮಿಂದ ಹೊರಗೆ ಹಾಕಿದ್ರೆ ಅದು ಒಂದು ಟನ್ ಎ.ಸಿ. ಅವರ ಟನ್ನು 907 ಕೆ.ಜಿ., ನಮ್ಮ ಸಾವಿರ ಅಲ್ಲ. ಲೆಕ್ಕ ಹಾಕಿದ್ರೆ ಸುಮಾರು 3.5 ಕಿಲೋವ್ಯಾಟ್ ಶಾಖ."

"ಅಯ್ಯೋ, ಗಂಟೆಗೆ ಮೂರೂವರೆ ಯೂನಿಟ್ಟಾ ಸಾರ್?"

"ಭೇಷ್! ಅದು ಹೊರಗೆ ಹಾಕೋ ಶಾಖ. ಎ.ಸಿ. ತಂಪನ್ನ ತಯಾರು ಮಾಡಲ್ಲ, ಒಳಗಿನ ಶಾಖ ಹೊತ್ತು ಹೊರಗೆ ಹಾಕುತ್ತೆ, ಅಷ್ಟೆ. ಆ ಕೂಲಿಗೆ ಗಂಟೆಗೆ ಒಂದು ಯೂನಿಟ್ ಸುತ್ತಮುತ್ತ ಸಾಕು."

ಎಲ್ಲವೂ ಸರಿ. ಸಾಹೇಬರ ಮಾತಿನಲ್ಲಿ ತಪ್ಪು ಹುಡುಕಲು ಬರುವುದೇ ಇಲ್ಲ. ಬಡಾವಣೆಯವರ ಸಂಕಟವೂ ಅದೇ. ತಪ್ಪು ಹೇಳುವವರನ್ನಾದರೂ ನಡುವೆ ತಡೆಯಬಹುದಿತ್ತು. ಒಂದೋ ಒಂದೂವರೆಯೋ ಎಂಬುದು ತೀರ್ಮಾನವಾಗದೆ ಸೊಸೆ ಕೊನೆಗೆ ಅಂಗಡಿಯವನು ತೋರಿಸಿದ್ದನ್ನೇ ತಂದಳು. ಅತ್ತೆಯ ಚಿಂತೆ ಮಾತ್ರ ಬದಲಾಗಿತ್ತು: "ಅಷ್ಟು ಐಸನ್ನ ದಿನಾ ಯಾರು ತಂದು ಹಾಕ್ತಾರೆ?"

ಎ.ಸಿ.ಗೆ ಸಾಕೆಟ್ ಕೂರಿಸಲು ಬಂದ ಹುಡುಗ ಲೈನು, ನ್ಯೂಟ್ರಲ್ ಎರಡನ್ನೇ ಸೇರಿಸಿ ಹಸಿರು ವೈರನ್ನು ಮಡಚಿ ಒಳಗೆ ತುರುಕುತ್ತಿದ್ದ. ಸಾಹೇಬರು ಬಾಗಿಲಲ್ಲೇ ಕಂಡರು.

"ಲೋ ಮರಿ, ಅರ್ಥ್ ಎಲ್ಲೋ? ಪ್ಲಗ್ಗಿನಲ್ಲಿ ಮೇಲಿನ ಪಿನ್ನು ಯಾಕೆ ಉದ್ದ ಇದೆ, ಗೊತ್ತಾ?"

"ಇಲ್ಲ ಸಾರ್."

"ಹಾಕುವಾಗ ಅದು ಎಲ್ಲರಿಗಿಂತ ಮೊದಲು ಹೋಗಿ ತಾಗಬೇಕು. ಕೀಳುವಾಗ ಎಲ್ಲರಿಗಿಂತ ಕೊನೆಗೆ ಬಿಡಬೇಕು. ಎ.ಸಿ. ಮೈಗೆ ಕರೆಂಟ್ ಬಂದ್ರೆ ಭೂಮಿಗೆ ಇಳಿಸೋದು ಅದೇ."

ಹುಡುಗ ಮರುಮಾತಿಲ್ಲದೆ ಹಸಿರು ವೈರನ್ನು ಬಿಚ್ಚಿ ಸೇರಿಸಿದ.

ಊಟಕ್ಕೆ ಕರೆಯಲು ಬಂದು ಆಗಲೇ ಬಹಳ ಹೊತ್ತಿನಿಂದ ಹೊಸಿಲಾಚೆ ನಿಂತಿದ್ದ ಅವರ ಮನೆಯಾಕೆ ಹೇಳಿದರು: "ಯಾರ ಮನೆಗೆ ಹೋದ್ರೂ ಇವರದೂ ಅದೇ ಕಣಪ್ಪಾ. ಎಲ್ಲರಿಗಿಂತ ಮೊದಲು ಹೋಗೋದು, ಎಲ್ಲರಿಗಿಂತ ಕೊನೆಗೆ ಬಿಡೋದು."