ಬೆಳ್ಳಿ ಅಂಚಿನ ಇಸ್ಪೀಟೆಲೆ

ಪವಾಯಿ ಕೆರೆ ಕೋಡಿ ಬೀಳುವ ಹೊತ್ತಿಗೆ ನಮ್ಮ ಮಾರುತಿ 800ರ ಗಾಲಿಗಳಲ್ಲೂ ತುಕ್ಕು ತುಂಬಿರುತ್ತದೆ. ಕೆರೆ 1891ರದ್ದು. ಕಾರು ಅಷ್ಟು ಹಳೆಯದಲ್ಲವೆಂದು ಸೊಸೈಟಿಯ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ.

ಚೌತಿಗೆ ಮುಂಚೆ ಬಣ್ಣ ಹೊಡೆದುಬಿಡೋಣವೆಂದು ಸಾಕಿನಾಕಾದಿಂದ ವೈರ್ ಬ್ರಶ್ಶು, 80 ಮತ್ತು 400 ನಂಬರಿನ ಪಾಲಿಶ್ ಪೇಪರು, ರೆಡ್ ಆಕ್ಸೈಡು, ಸಿಲ್ವರ್ ಸ್ಪ್ರೇ ತಂದೆ. ಮೊದಲ ಪ್ರಯೋಗ ಸ್ಟೆಪ್ನಿಯ ಮೇಲೆ; ಹಾಳಾದರೂ ಡಿಕ್ಕಿಯೊಳಗೇ ಇರುತ್ತದಲ್ಲ! ವೇಲ್ಸಿನ ಯಾವುದೋ ಊರಿನ ಸ್ಟೆಪ್ನಿ ಬೀದಿಯಲ್ಲಿ ಹುಟ್ಟಿದ ಈ ಹೆಸರು ನಮ್ಮಲ್ಲಿ ಪಂಕ್ಚರ್ ಅಂಗಡಿಯ ಹುಡುಗನ ಬಾಯಲ್ಲೂ ಉಳಿದುಕೊಂಡಿದೆ. ಅದು ಒಣಗಿದ ಮೇಲೆ ಕಾರಿಗೆ ತೊಡಿಸಿ, ಬಿಚ್ಚಿದ ಗಾಲಿಯನ್ನು ಉಜ್ಜುವುದು. ಹೀಗೆ ಸರದಿ.

ಉಜ್ಜುವುದೇ ಮುಕ್ಕಾಲು ಕೆಲಸ. ಒಂದು ಗಂಟೆ ಉಜ್ಜಿದರೆ ಕಾಫಿ ಡಿಕಾಕ್ಷನ್ನಿನಂಥ ನೀರು ಇಳಿಯುತ್ತದೆ, ಅಂಗೈಯಷ್ಟು ಕಬ್ಬಿಣ ಮಿನುಗುತ್ತದೆ. ನಟ್ಟು ಕೂರುವ ಜಾಗಕ್ಕೆ ಮಾತ್ರ ಬಣ್ಣ ತಾಗಬಾರದು. ಬಣ್ಣ ಅರೆದುಹೋದ ಹಾಗೆ ನಟ್ಟು ಸಡಿಲವಾಗುತ್ತದೆ. ವಾಚ್‌ಮನ್ ಎರಡು ಸಲ ಬಂದು, "ಸಾಬ್, ಪಂಕ್ಚರ್?" ಎಂದು ಕೇಳಿ ಹೋದ.

ಟೈರಿಗೆ ಬಣ್ಣ ಹಾರದಂತೆ ರಿಮ್ಮಿಗೂ ರಬ್ಬರಿಗೂ ನಡುವೆ ಸುತ್ತಲೂ ಇಸ್ಪೀಟೆಲೆ ಸಿಕ್ಕಿಸಬೇಕು. ಹನ್ನೆರಡು ಇಂಚಿನ ಗಾಲಿಗೆ ಅರ್ಧ ಕಟ್ಟೂ ಬೇಡ. ಗಾಲಿ ಸೂರ್ಯಕಾಂತಿಯ ಹಾಗೆ ಅರಳಿತು. ಗೇಣು ದೂರದಿಂದ ತೆಳ್ಳಗೆ, ಮೂರು ನಾಲ್ಕು ಸಲ ಹೊಡೆಯಬೇಕು. ನಾನು ಒಂದೇ ಸಲಕ್ಕೆ ಅಭಿಷೇಕ ಮಾಡಿದೆ. ಮೇಲಿಂದ ಶ್ರಾವಣದ ಗಾಳಿ. ಬಣ್ಣದ ತಿನ್ನರು ಸರ್ರನೆ ಹಾರುವಾಗ ಕಬ್ಬಿಣ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಬೆಳ್ಳಿಯ ಮೇಲೆ ವಿಭೂತಿ ಬಳಿದಂತೆ ಬಿಳಿ ಮಬ್ಬು. ಒಣಗಿತೇ ಎಂದು ಕಳಾವರ್ ರಾಜನನ್ನು ಎಳೆದು ನೋಡಿದೆ. ಹೆಬ್ಬೆರಳಿನ ಗುರುತು ಅವನ ಬೆನ್ನಿಗೆ ಅಚ್ಚಾಯಿತು.

"ರೀ, ಸ್ಟೆಪ್ನಿಗೆ ಚರ್ಮರೋಗವೇ?" ಎಂದಳು ಇವಳು. ಮತ್ತೆ ಉಜ್ಜಿದೆ. ಬಿಸಿಲು ಬಿದ್ದ ಒಂದು ಭಾನುವಾರ ಹೊಡೆದದ್ದು ಚೆನ್ನಾಗಿಯೇ ಕೂತಿತು. ಚೌತಿಯೊಳಗೆ ಮುಗಿದದ್ದು ಎರಡು ಗಾಲಿ, ಎರಡೂ ಎಡಗಡೆಯವು. ನೆಂಟರು ಬರುವ ದಿನ ಕಾರಿನ ಬಲಮಗ್ಗುಲನ್ನು ಗೋಡೆಗೆ ಒತ್ತಿ ನಿಲ್ಲಿಸಿದೆ.

ರಾತ್ರಿ ಜಾಗರಣೆಗೆ ರಮ್ಮಿ ಶುರುವಾಯಿತು. ಮನೆಯಲ್ಲಿದ್ದದ್ದು ಅದೇ ಕಟ್ಟು. ನಾನು ಎಲೆಗಳನ್ನು ಎದೆಗೆ ಒತ್ತಿ ಹಿಡಿದು ಕೂತಿದ್ದೆ. ಎದುರಿಗಿದ್ದ ಭಾವ ಕನ್ನಡಕ ಸರಿಮಾಡಿಕೊಂಡು ನನ್ನ ಎಲೆಗಳ ಬೆನ್ನನ್ನೇ ನೋಡುತ್ತ ಹೇಳಿದರು: "ಆ ಕಳಾವರ್ ರಾಜನನ್ನು ಎಷ್ಟು ಹೊತ್ತು ಹಿಡಿದುಕೊಂಡಿರುತ್ತೀರಿ ಭಾವ, ಇಳಿಸಿ."