ನಕ್ಷತ್ರದ ಗಂಜಿ

ನಮ್ಮ ಮನೆಯಲ್ಲಿ ಜ್ವರಕ್ಕೆ ಎರಡೇ ಮದ್ದು. ಒಂದು ಡಾಕ್ಟರು ಬರೆದುಕೊಟ್ಟದ್ದು, ಇನ್ನೊಂದು ಕುಚ್ಚಲಕ್ಕಿ ಗಂಜಿ. ಮೊದಲನೆಯದರ ಮೇಲೆ ನನ್ನ ಅಮ್ಮನಿಗೆ ಅಷ್ಟೇನೂ ನಂಬಿಕೆಯಿಲ್ಲ. ಮಾತ್ರೆಯನ್ನು ಗಂಜಿಯ ಜೊತೆ ಕೊಡುವುದರಿಂದ ಗುಣವಾಗುವುದು ಗಂಜಿಯಿಂದಲೇ ಎಂದು ಅವರ ವಾದ. ಎಂಬತ್ತಾರು ವರ್ಷದಿಂದ ಈ ವಾದದಲ್ಲಿ ಅವರು ಸೋತದ್ದಿಲ್ಲ.

ಸೋತದ್ದು ಹೋದ ಜೂನಿನಲ್ಲಿ. ಶಾಲೆಯೂ ಮಳೆಯೂ ಒಟ್ಟಿಗೇ ಶುರುವಾಗಿ, ಆರು ವರ್ಷದ ಮೊಮ್ಮಗ ಮೊದಲ ವಾರದಲ್ಲೇ ಜ್ವರ ಹೊತ್ತುಕೊಂಡು ಮನೆಗೆ ಬಂದ. ಗಂಜಿ ಬಂತು, ಜೊತೆಗೆ ಸುಟ್ಟ ಹಪ್ಪಳ ಬಂತು. ಅವನು ಹಪ್ಪಳ ತಿಂದು ಗಂಜಿಯ ಬಟ್ಟಲನ್ನು ಆಚೆ ನೂಕಿದ. ನಮ್ಮ ವಂಶದಲ್ಲಿ ಗಂಜಿಯ ಬಟ್ಟಲು ನೂಕಿದ ಮೊದಲ ಗಂಡಸು ಅವನೇ. ಅಮ್ಮ ಅವನ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ತಪ್ಪು ಯಾರದೆಂದು ಅಲ್ಲಿಗೆ ತೀರ್ಮಾನವಾಯಿತು.

ಆಗ ನೆನಪಾದದ್ದು ಅಲಮಾರಿನಲ್ಲಿದ್ದ ನೀಲಿ ಪೊಟ್ಟಣ. ಮಗಳು ಇಟಲಿಯ ಟ್ಯೂರಿನ್‌ನಲ್ಲಿ ಓದುತ್ತಿದ್ದಾಳೆ. ಊರಿಗೆ ಬರುವ ಗೆಳತಿಯ ಕೈಯಲ್ಲಿ ನಾಲ್ಕೈದು ಪೊಟ್ಟಣ ಕಳಿಸಿದ್ದಳು. ಪಾಸ್ತಾ ಎಂದರೆ ಮದುವೆಯ ಬಫೆಯಲ್ಲಿ ಟೋಪಿ ಹಾಕಿದ ಹುಡುಗ ಬಾಣಲೆಯಲ್ಲಿ ಹಾರಿಸಿ ಹಾರಿಸಿ ಕೊಡುವ ಬಿಳಿ ಸಾಸಿನ ಕೊಳವೆ ಎಂದು ತಿಳಿದಿದ್ದ ನನಗೆ ಪೊಟ್ಟಣ ಬಿಚ್ಚಿದಾಗ ಆಶ್ಚರ್ಯ. ಒಳಗೆ ನಕ್ಷತ್ರ! ಎಳ್ಳಿಗಿಂತ ಸ್ವಲ್ಪ ದೊಡ್ಡದು, ನಡುವೆ ಸೂಜಿ ಮೊನೆಯಷ್ಟು ತೂತು. ಹೆಸರು ಸ್ಟೆಲ್ಲೀನೆ, ಎಂದರೆ ಪುಟ್ಟ ನಕ್ಷತ್ರ. ಇನ್ನೊಂದು ಪೊಟ್ಟಣದಲ್ಲಿದ್ದದ್ದು ಒರ್ಝೊ. ಹೆಸರಿನ ಅರ್ಥ ಬಾರ್ಲಿ, ನೋಡಲು ನಮ್ಮ ಅಕ್ಕಿ, ಇರುವುದು ಗೋಧಿ. ಮೂರನೆಯದು ದಿತಾಲೀನಿ, ದರ್ಜಿಯ ಬೆರಳಿನ ಟೋಪಿ. ನಾಲ್ಕನೆಯದು ಆಚಿನಿ ದಿ ಪೇಪೆ. ಹಾಗೆಂದರೆ ಮೆಣಸಿನ ಕಾಳು ಎಂದು ಮಗಳು ಹೇಳಿದಾಗ ನನಗೆ ನಗು ತಡೆಯಲಿಲ್ಲ. ಕರಿಮೆಣಸಿನ ಆಸೆಗೆ ಯುರೋಪಿನವರು ನಮ್ಮ ಕರಾವಳಿಗೆ ಎಷ್ಟು ಹಡಗು ಕಳಿಸಿದರೋ ಲೆಕ್ಕವಿಲ್ಲ. ಕೊನೆಗೆ ಹಿಟ್ಟಿನಲ್ಲೇ ಮೆಣಸಿನ ಕಾಳು ಮಾಡಿಕೊಂಡು ಸುಮ್ಮನಾದರಲ್ಲ.

ಹಾಗೆ ನೋಡಿದರೆ ಇಟಲಿ ನಮ್ಮೂರಿಗೆ ಹೊಸತೇನಲ್ಲ. ನಾನು ಓದಿದ್ದು ಬಾವುಟಗುಡ್ಡೆಯ ಸಂತ ಅಲೋಶಿಯಸ್ ಕಾಲೇಜಿನಲ್ಲಿ. 1878ರ ಡಿಸೆಂಬರ್ 31ರಂದು ಮಂಗಳೂರಿನಲ್ಲಿ ಬಂದಿಳಿದ ಇಟಲಿಯ ಜೆಸ್ವಿತ್ ಪಾದ್ರಿಗಳು 1880ರಲ್ಲಿ ಶುರು ಮಾಡಿದ ಕಾಲೇಜು ಅದು. ಅಲ್ಲಿನ ಚಾಪೆಲಿನ ಗೋಡೆ, ಮಾಡು ಎಲ್ಲಕ್ಕೂ ಚಿತ್ರ ಬರೆದವರು ಬೆರ್ಗಾಮೊ ಕಡೆಯ ಆಂತೋನಿಯೊ ಮೊಸ್ಕೇನಿ. ಅವರಲ್ಲೇ ಇನ್ನೊಬ್ಬರು, ಆಂಜೆಲೊ ಮಾಫೇಯಿ, 1882ರಲ್ಲಿ ಕೊಂಕಣಿಗೊಂದು ವ್ಯಾಕರಣ ಬರೆದು ಮರುವರ್ಷ ನಿಘಂಟನ್ನೂ ಕೊಟ್ಟರು. ಕಾಲೇಜು ಕೊಟ್ಟರು, ಚಿತ್ರ ಕೊಟ್ಟರು, ನಿಘಂಟು ಕೊಟ್ಟರು. ನಕ್ಷತ್ರ ಬೇಯಿಸುವುದು ಹೇಗೆಂದು ಮಾತ್ರ ನನಗೆ ಅಲ್ಲಿ ಯಾರೂ ಹೇಳಿಕೊಡಲಿಲ್ಲ.

ಅದರ ಫಲ ಆ ದಿನ ಅಡುಗೆಮನೆಯಲ್ಲಿ ಕಾಣಿಸಿತು. ಹೆಂಡತಿಗೆ ಮಂಡಿನೋವು, ಕುರ್ಚಿಯಲ್ಲಿ ಕೂತು ಉಸ್ತುವಾರಿ ಮಾತ್ರ. ಪೊಟ್ಟಣದ ಮೇಲೆ ಏನೋ ಐದು, ಆರು ಎಂದು ಬರೆದಿತ್ತು. ನಮ್ಮ ಕುಚ್ಚಲಕ್ಕಿ ಮುಕ್ಕಾಲು ಗಂಟೆ ಕುದಿದರೂ ಇನ್ನೂ ಸ್ವಲ್ಪ ಬೇಯಲಿ ಅನ್ನುವ ಜಾತಿ. ಅದನ್ನು ಬೇಯಿಸಿ ಅಭ್ಯಾಸವಾದವನಿಗೆ ಐದಾರು ನಿಮಿಷದಲ್ಲಿ ಏನಾದರೂ ಬೆಂದೀತು ಎಂದು ಅನಿಸುವುದೇ ಇಲ್ಲ. ಐದು ವಿಸಿಲ್ ಇರಬೇಕು ಎಂದುಕೊಂಡೆ. ಹೆಂಡತಿ ಅನುಮಾನದಿಂದ "ಮೂರು ಸಾಕು ಮಾರಾಯ್ರೆ" ಅಂದಳು. ನಾವಿಬ್ಬರೂ ಸೇರಿ ಮೂರಕ್ಕೆ ಒಪ್ಪಂದ ಮಾಡಿಕೊಂಡೆವು. ಕುಕ್ಕರಿನ ಮುಚ್ಚಳ ತೆಗೆದರೆ ಒಂದೇ ಒಂದು ನಕ್ಷತ್ರವಿಲ್ಲ, ಹೊಳೆಯುವ ಬಿಳಿ ಮುದ್ದೆ. ಅಮ್ಮ ಹತ್ತಿರ ಬಂದು ಸೌಟಿನಲ್ಲಿ ಎತ್ತಿ ನೋಡಿ, "ಉಂದು ಎಂಚಿನ?", ಇದೇನು, ಎಂದು ತುಳುವಿನಲ್ಲಿ ಕೇಳಿದರು. ಉತ್ತರಕ್ಕೆ ಕಾಯದೆ, ಯಕ್ಷಗಾನದ ಪೋಸ್ಟರ್ ಅಂಟಿಸುವವರಿಗೆ ಕೊಟ್ಟುಬಿಡು ಎಂದು ತೀರ್ಪನ್ನೂ ಕೊಟ್ಟರು.

ಎರಡನೇ ಸಲ ಕುಕ್ಕರ್ ಬಿಟ್ಟೆ. ಅಗಲ ಪಾತ್ರೆಯಲ್ಲಿ ನೀರು ಕುದಿಸಿ, ನಕ್ಷತ್ರ ಸುರಿದು, ಗಡಿಯಾರ ನೋಡುತ್ತಾ ನಿಂತೆ. ಬೆಂದವು, ಚೆಂದಕ್ಕೆ ಬೆಂದವು. ಈಗ ಬಸಿಯಬೇಕಲ್ಲ! ಅನ್ನ ಬಸಿಯುವ ತೂತು ತಟ್ಟೆಯನ್ನು ಸಿಂಕಿನಲ್ಲಿಟ್ಟು ಪಾತ್ರೆ ಬಗ್ಗಿಸಿದೆ. ತಟ್ಟೆಯ ತೂತು ಅಳತೆ ಮಾಡಿಸಿದ್ದು ಉಬ್ಬಿದ ಕುಚ್ಚಲಕ್ಕಿಗೆ. ನಕ್ಷತ್ರಗಳು ಒಂದರ ಹಿಂದೆ ಒಂದು ಸರಾಗ ಇಳಿದುಹೋದವು. ಸಿಂಕಿನ ಕಿಂಡಿಯ ಸುತ್ತ ನೊರೆನೀರಿನಲ್ಲಿ ಅವು ಗಿರಗಿರನೆ ತಿರುಗುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಪಿಲಿಕುಳದ ತಾರಾಲಯದಲ್ಲಿ ಟಿಕೆಟ್ ಕೊಟ್ಟು ನೋಡಬೇಕಾದ ದೃಶ್ಯ. ಮೊಮ್ಮಗ ಜ್ವರ ಮರೆತು ಸ್ಟೂಲಿನ ಮೇಲೆ ಹತ್ತಿ ನಿಂತು, "ಅಜ್ಜಾ, ಇನ್ನೊಮ್ಮೆ!" ಅಂದ.

ಮಗಳಿಗೆ ವಿಡಿಯೊ ಕಾಲ್ ಮಾಡಿದೆ. ಅವಳು ನಕ್ಕು ಮುಗಿಸಲು ಎರಡು ನಿಮಿಷ ಬೇಕಾಯಿತು.

"ಅಪ್ಪಾ, ಅದನ್ನು ಬಸಿಯುವುದಲ್ಲ. ಸಾರಿನಲ್ಲೇ ಬೇಯಿಸಿ ಸಾರಿನ ಜೊತೆಗೇ ಕುಡಿಯುವುದು. ಇಲ್ಲಿ ಮನೆ ಓನರ್ ಅಜ್ಜಿ ನನಗೆ ಶೀತ ಆದಾಗೆಲ್ಲ ಅದನ್ನೇ ಮಾಡಿಕೊಡುದು."

"ಹಾಗಾದರೆ ಅದು ಗಂಜಿಯಲ್ಲವೋ?"

"ಮತ್ತೆ? ನಾನು ಎಂಥ ಪಿಜ್ಜಾ ಅಂತ ಹೇಳಿದೆನಾ?"

ಆಮೇಲೆ ವಿವರಿಸಿದಳು. ಈ ಚಿಕ್ಕ ಪಾಸ್ತಾಗಳಿಗೆಲ್ಲ ಒಟ್ಟಾರೆ ಪಸ್ತೀನಾ ಎಂದು ಹೆಸರು. ಹಲ್ಲು ಬರುವ ಮಗುವಿಗೆ, ಹಲ್ಲು ಹೋದ ಮುದುಕರಿಗೆ, ಜ್ವರ ಬಂದವರಿಗೆ, ಮಳೆಗಾಲದ ಸಂಜೆ ಸುಮ್ಮನೆ ಬೇಜಾರಾದವರಿಗೆ. ಕೋಳಿಯನ್ನೋ ಈರುಳ್ಳಿ, ಕ್ಯಾರೆಟನ್ನೋ ಗಂಟೆಗಟ್ಟಲೆ ಕುದಿಸಿ ಸೋಸಿದ ತಿಳಿಸಾರಿಗೆ ಅಲ್ಲಿ ಬ್ರೋದೊ ಎನ್ನುತ್ತಾರೆ. ಅದರಲ್ಲಿ ಇದು ಬೇಯುತ್ತಾ ಹಿಟ್ಟು ಬಿಟ್ಟುಕೊಟ್ಟು ಸಾರನ್ನು ಸ್ವಲ್ಪ ಮಂದ ಮಾಡುತ್ತದೆ. ಮೇಲೆ ಒಂದು ಚಮಚ ಬೆಣ್ಣೆ, ತುರಿದ ಚೀಸು, ಅಷ್ಟೇ. ಗಂಜಿಯ ತೆಳಿಯನ್ನು ಚೆಲ್ಲಿದವನನ್ನು ನಮ್ಮಲ್ಲಿ ಬುದ್ಧಿ ಇಲ್ಲದವನು ಅನ್ನುತ್ತೇವೆ. ನಾನು ಇಟಲಿಯ ತೆಳಿಯನ್ನು ಸಿಂಕಿಗೆ ಚೆಲ್ಲಿದ್ದೆ.

ಗಂಜಿಯ ಜನ ಎಲ್ಲ ಕಡೆಯೂ ಒಂದೇ ಎಂಬುದಕ್ಕೆ ಅವಳು ಇನ್ನೊಂದು ಕತೆ ಹೇಳಿದಳು. 2023ರ ಜನವರಿಯಲ್ಲಿ ಅಮೆರಿಕದ ರೊನ್ಜೋನಿ ಕಂಪೆನಿ ಇನ್ನು ಮೇಲೆ ಪಸ್ತೀನಾ ಮಾಡುವುದಿಲ್ಲ ಎಂದಾಗ ಅಲ್ಲಿನ ಇಟಾಲಿಯನ್ ಮೂಲದವರು ಮನೆಯಲ್ಲಿ ಸಾವಾದ ಹಾಗೆ ಗೋಳಾಡಿ ಸಹಿ ಸಂಗ್ರಹ ನಡೆಸಿದರಂತೆ. ನನಗೆ ಇದು ಅರ್ಥವಾಗುತ್ತದೆ. ರೇಷನ್ ಅಂಗಡಿಯಲ್ಲಿ ಬೆಳ್ತಿಗೆ ಬೇಡ, ಕುಚ್ಚಲಕ್ಕಿ ಕೊಡಿ ಎಂದು ವರ್ಷಗಟ್ಟಲೆ ಕೇಳಿದ ಜಿಲ್ಲೆಯವನು ನಾನು.

ಮೂರನೇ ಸಲದ ಹೊತ್ತಿಗೆ ಸೊಸೆ ಕೆಲಸದಿಂದ ಬಂದಿದ್ದಳು. ಅವಳು ಧಾರವಾಡದವಳು. ಅಂಗೈಯಲ್ಲಿ ನಾಲ್ಕು ನಕ್ಷತ್ರ ಹಾಕಿಕೊಂಡು ನೋಡಿ, "ಮಾವಾರ, ಇದ ನಮ್ಮ ಗವಲಿ ಇದ್ದಂಗ ಅದ ಅಲ್ಲ!" ಅಂದಳು. ಅವರ ಕಡೆ ಬೇಸಿಗೆಯಲ್ಲಿ ಹೆಂಗಸರು ಸಾಲಾಗಿ ಕೂತು, ಕಣಕವನ್ನು ಬೆರಳ ತುದಿಯಲ್ಲಿ ಹೊಸೆದು ಕಾಳಿನಷ್ಟು ಕಾಳಿನಷ್ಟೇ ಚಿವುಟಿ ಒಣಗಿಸುತ್ತಾರಂತೆ. ಮದುವೆ ಮನೆಯಲ್ಲಿ ಅದರದ್ದೇ ಪಾಯಸ. ಇಟಲಿಯಲ್ಲಿ ಒಣ ಪಾಸ್ತಾವನ್ನು ಡ್ಯೂರಮ್ ಗೋಧಿಯ ರವೆಯಲ್ಲೇ ಮಾಡಬೇಕೆಂದು 1967ರಲ್ಲಿ ಕಾನೂನೇ ಬಂದಿದೆ ಎಂದು ನಾನು ಆಗಷ್ಟೇ ಕಲಿತ ಪಾಂಡಿತ್ಯ ಪ್ರದರ್ಶಿಸಿದೆ. ಅವಳು ಡಬ್ಬಿ ತೆಗೆದು ತೋರಿಸಿದಳು: ಉಪ್ಪಿಟ್ಟಿಗೆ ತಂದಿಟ್ಟ ಬನ್ಸಿ ರವೆ. ಬನ್ಸಿ ಎಂದರೆ ಡ್ಯೂರಮ್ಮೇ. ಇಟಲಿ ನಮ್ಮ ಅಲಮಾರಿನ ಮೇಲಿನ ಅಟ್ಟದಲ್ಲಿ ಪೊಟ್ಟಣದಲ್ಲಿತ್ತು, ಕೆಳಗಿನ ಅಟ್ಟದಲ್ಲಿ ಡಬ್ಬಿಯಲ್ಲೂ ಇತ್ತು.

ಆ ದಿನ ಸೋಮವಾರವಾದ್ದರಿಂದ ಕೋಳಿಗೆ ರಜೆ. ತೊಗರಿಬೇಳೆಯ ಕಟ್ಟು ತೆಗೆದು, ನೀರು ಸೇರಿಸಿ, ಒಂದು ಈರುಳ್ಳಿ ಇಡಿಯಾಗಿ ಹಾಕಿ ಕುದಿಸಿದೆವು. ಈರುಳ್ಳಿ ತೆಗೆದೆಸೆದು ನಕ್ಷತ್ರ ಹಾಕಿ, ಬೇಯುತ್ತಿದ್ದಂತೆ ಒಲೆ ಆರಿಸಿದೆವು. ಇಟಲಿಯ ಚೀಸು ಮನೆಯಲ್ಲಿರಲಿಲ್ಲ. ಕಂಕನಾಡಿಯವರೆಗೆ ಹೋದರೆ ಸಿಗುತ್ತಿತ್ತು, ಆದರೆ ಆ ಮಳೆಯಲ್ಲಿ ಚೀಸಿಗಾಗಿ ಹೊರಡುವಷ್ಟು ಇಟಲಿಯವನು ನಾನಲ್ಲ. ತುಪ್ಪ ಹಾಕಿದೆ. ಹೆಂಡತಿ ಕುರ್ಚಿಯಲ್ಲೇ ತಡೆಯಲಾರದೆ ಎದ್ದು ಬಂದು, ತೆಂಗಿನೆಣ್ಣೆಯಲ್ಲಿ ಎರಡು ಎಸಳು ಬೆಳ್ಳುಳ್ಳಿ ಕೆಂಪಗೆ ಹುರಿದು ಚೊಂಯ್ ಎಂದು ಒಗ್ಗರಣೆ ಕೊಟ್ಟಳು. ಮೊಮ್ಮಗ ಪ್ರತಿ ಚಮಚದಲ್ಲೂ ನಕ್ಷತ್ರ ಎಣಿಸಿದ. ಇಪ್ಪತ್ತರವರೆಗೆ ಅವನಿಗೆ ಲೆಕ್ಕ ಬರುತ್ತದೆ. ಹಾಗಾಗಿ ಇಪ್ಪತ್ತಾದಾಗ ನುಂಗಿ ಮತ್ತೆ ಒಂದರಿಂದ ಶುರು. ಎರಡು ಬಟ್ಟಲು ಖಾಲಿಯಾಯಿತು.

ಅಮ್ಮ ದೂರದಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. ಕೊನೆಗೆ "ಪಾತ್ರೆಯಲ್ಲಿ ಉಳಿದದ್ದುಂಟಾ?" ಎಂದರು. ಹಾಳಾಗಬಾರದಲ್ಲ ಎಂಬ ಧ್ವನಿಯಲ್ಲಿ. ಬಡಿಸಿದೆ. ಒಂದು ಚಮಚ ಬಾಯಿಗಿಟ್ಟು, ಯೋಚಿಸಿ, ಭರಣಿಯಿಂದ ಮಿಡಿ ಉಪ್ಪಿನಕಾಯಿ ತರಲು ಹೇಳಿದರು. ಉಪ್ಪಿನಕಾಯಿ ಕೇಳಿದರೆಂದರೆ ಆ ಪದಾರ್ಥ ಗಂಜಿಯ ಜಾತಿಗೆ ಸೇರಿತು ಎಂದರ್ಥ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನಮ್ಮ ಮನೆಯಲ್ಲಿಲ್ಲ.

ನಾನು ಉತ್ಸಾಹದಿಂದ, 1623ರಲ್ಲಿ ರೋಮಿನಿಂದ ಪಿಯೆತ್ರೊ ದೆಲ್ಲಾ ವಾಲೆ ಎಂಬವನು ಉಳ್ಳಾಲದ ರಾಣಿಯನ್ನು ನೋಡಲು ನಮ್ಮ ಮಣೇಲಿಗೆ ಬಂದಿದ್ದ, ರಾಣಿ ಬರಿಗಾಲಲ್ಲಿ ನಡೆದು ಬಂದದ್ದನ್ನು ಬರೆದಿಟ್ಟಿದ್ದಾನೆ ಎಂದು ಹೇಳತೊಡಗಿದೆ. ಅಮ್ಮ ಉಪ್ಪಿನಕಾಯಿಯ ಮಿಡಿ ಚೀಪುತ್ತಾ, "ಮಣೇಲ್ ಅಂದ್ರೆ ಗಂಜಿಮಠದ ಹತ್ತಿರ ಅಲ್ವಾ" ಎಂದರು, ಅಲ್ಲಿಗೆ ಇಟಲಿಯವನು ಬಂದದ್ದರ ಕಾರಣ ತಮಗೆ ತಿಳಿಯಿತು ಎಂಬಂತೆ.

ಎರಡು ತಿಂಗಳ ಮೇಲೆ ಮಗಳ ಫೋನು. ಧ್ವನಿ ಕಟ್ಟಿತ್ತು, ಮೂಗು ಸುರಿಯುತ್ತಿತ್ತು. ಓನರ್ ಅಜ್ಜಿ ಪಸ್ತೀನಾ ಮಾಡಿ ಕೊಟ್ಟಿದ್ದಾರೆ, ಆದರೆ ಊರಿಂದ ಯಾರಾದರೂ ಬರುವವರಿದ್ದರೆ ಎರಡು ಕಿಲೊ ಕುಚ್ಚಲಕ್ಕಿ ಕಳಿಸಬಹುದಾ ಎಂದು ಕೇಳಿದಳು. ಅಮ್ಮ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು. ಪರದೆಯಲ್ಲಿ ಮಗಳ ಭುಜದ ಹಿಂದೆ ಬಿಳಿ ಕೂದಲಿನ ಅಜ್ಜಿಯೊಬ್ಬರು ಇಣುಕುತ್ತಿದ್ದರು. ಅಮ್ಮ ಅವರನ್ನೇ ಉದ್ದೇಶಿಸಿ, ಅಕ್ಕಿಯನ್ನು ಮೂರು ಸಲ ತೊಳೆಯಬೇಕು, ಉಪ್ಪು ಕೊನೆಗೆ ಹಾಕಬೇಕು, ತೆಳಿ ಚೆಲ್ಲಬಾರದು ಎಂದು ತುಳುವಿನಲ್ಲಿ ನಿಧಾನಕ್ಕೆ, ಕಿವುಡರಿಗೆ ಹೇಳುವ ಹಾಗೆ ದೊಡ್ಡ ದನಿಯಲ್ಲಿ ಹೇಳಿದರು. ಆ ಅಜ್ಜಿ ಕೈಯಾಡಿಸಿ ಇಟಾಲಿಯನ್‌ನಲ್ಲಿ ಏನೋ ಉದ್ದಕ್ಕೆ ಉತ್ತರ ಕೊಟ್ಟರು. ಅಮ್ಮ ತಲೆಯಾಡಿಸಿ ಪೂರ್ತಿ ಕೇಳಿಸಿಕೊಂಡು, ನನ್ನ ಕಡೆ ತಿರುಗಿ, "ಅವರಲ್ಲಿ ಕುಕ್ಕರ್ ಉಂಟಾ ಅಂತ ಕೇಳು. ಇದ್ದರೆ ನಿನ್ನ ಹಾಗೆ ಮಾಡಬೇಡಿ ಅಂತಲೂ ಹೇಳು" ಎಂದರು.